ಉಪ್ಪು, ಸುಣ್ಣ ಮತ್ತು ಎಂಬತ್ತು ಅಡಿಯ ಗೋಪುರ: ಅರ್ನೆಸ್ಟ್ ಸಾಲ್ವೆ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವಿದೆ. ಅದರಲ್ಲಿ ಅಡುಗೆ ಸೋಡಾ ತಯಾರಾಗುವ ಸಮೀಕರಣ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಬಾಣದ ಈ ಕಡೆ ಉಪ್ಪು, ನೀರು, ಇಂಗಾಲದ ಡೈಆಕ್ಸೈಡ್, ಅಮೋನಿಯಾ. ಆ ಕಡೆ ಅಡುಗೆ ಸೋಡಾ, ಅಮೋನಿಯಂ ಕ್ಲೋರೈಡ್. ಸಮೀಕರಣ ಸರಿದೂಗಿಸಿದರೆ ಅಂಕ ಬರುತ್ತದೆ, ಮರೆತರೆ ಹೋಗುತ್ತದೆ. ಆ ಸಣ್ಣ ಬಾಣವನ್ನು ದಾಟಲು ಯುರೋಪಿನ ಬುದ್ಧಿವಂತರಿಗೆ ಅರ್ಧ ಶತಮಾನ ಹಿಡಿಯಿತು, ಹಲವರು ಮನೆಮಠ ಕಳೆದುಕೊಂಡರು, ಕೊನೆಗೆ ದಾಟಿದವರು ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ಯುವಕ ಎಂಬ ಕಥೆ ಪುಸ್ತಕದಲ್ಲಿ ಇಲ್ಲ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಕಥೆ ಹೇಳಬೇಕೆನಿಸಿತು.

ಕಥೆಗೆ ಮೊದಲು ನಮ್ಮ ಮಣ್ಣಿನ ಮಾತು. ನಮ್ಮ ಕಡೆಯ ಹಿರಿಯರಿಗೆ ಚೌಳು ಮಣ್ಣು ಗೊತ್ತು. ನೀರು ನಿಂತು ಬಸಿಯದ ಜಾಗದಲ್ಲಿ ಬೇಸಿಗೆ ಬಂದರೆ ನೆಲದ ಮೇಲೆ ಬೆಳ್ಳಗೆ ಹುಡಿ ಏಳುತ್ತದಲ್ಲ, ಅದೇ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ರೈತರಿಗೆ ಗದ್ದೆ ಚೌಳಾಯಿತು ಎಂದರೆ ಎದೆ ಬಡಿತ ಹೆಚ್ಚುತ್ತದೆ. ಆದರೆ ಸೋಪು, ಪೌಡರು ಊರಿಗೆ ಬರುವ ಮುಂಚೆ ಮಡಿವಾಳರು ಇದೇ ಮಣ್ಣನ್ನು ಕೆರೆದು ತಂದು, ಬಟ್ಟೆಯನ್ನು ಅದರಲ್ಲಿ ನೆನೆಹಾಕಿ, ಉಬ್ಬೆಗೆ ಇಟ್ಟು ಬಿಳಿ ಮಾಡುತ್ತಿದ್ದರು. ಆ ಮಣ್ಣಿನಲ್ಲಿ ಇದ್ದ ಸತ್ವ ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯಲ್ಲಿ ಸಿಗುವ ಬಟ್ಟೆ ಸೋಡಾ. ಬಟ್ಟೆಗೆ ಮಾತ್ರವಲ್ಲ, ಗಾಜಿಗೂ ಅದು ಬೇಕು. ಟಿಪ್ಪು ಮಡಿದ ಮರುವರ್ಷ ಶ್ರೀರಂಗಪಟ್ಟಣದ ಮೇಲೆ ಹಾದು ಮೈಸೂರು ಸೀಮೆ ಸುತ್ತಿದ ಬುಕಾನನ್, ಚಿತ್ರದುರ್ಗ ಸೀಮೆಯ ಮತ್ತೋಡಿನಲ್ಲಿ ಚೌಳಿನಿಂದ ಗಾಜು ಮಾಡಿ ಬಳೆ ತಯಾರಿಸುವುದನ್ನು ನೋಡಿ ಬರೆದಿಟ್ಟಿದ್ದಾನೆ.

ಯುರೋಪಿನಲ್ಲಿ ಇಂಥ ಮಣ್ಣು ಸುಲಭಕ್ಕೆ ಸಿಗುತ್ತಿರಲಿಲ್ಲ. ಸಮುದ್ರದ ಪಾಚಿ, ಕೆಲವು ಗಿಡಗಳನ್ನು ಸುಟ್ಟು ಬೂದಿಯಿಂದ ಸೋಡಾ ತೆಗೆಯುತ್ತಿದ್ದರು. ಬಟ್ಟೆ ಗಿರಣಿ, ಗಾಜಿನ ಕುಲುಮೆ, ಸಾಬೂನಿನ ಕಾರ್ಖಾನೆ ಒಂದರ ಹಿಂದೆ ಒಂದು ಎದ್ದಾಗ ಬೂದಿ ಸಾಲದೆ ಹೋಯಿತು. ಆಗ ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಎಂಬ ವೈದ್ಯ ಉಪ್ಪಿಗೆ ಗಂಧಕಾಮ್ಲ ಸುರಿದು, ಬಂದದ್ದನ್ನು ಸುಣ್ಣಕಲ್ಲು, ಕಲ್ಲಿದ್ದಲಿನ ಜೊತೆ ಸುಟ್ಟು ಸೋಡಾ ಮಾಡುವ ದಾರಿ ಕಂಡುಹಿಡಿದು 1791ರಲ್ಲಿ ಹಕ್ಕುಪತ್ರ ಪಡೆದ. ಅವನ ಆಶ್ರಯದಾತ ಕ್ರಾಂತಿಯಲ್ಲಿ ತಲೆ ಕಳೆದುಕೊಂಡ, ಕಾರ್ಖಾನೆ ಸರ್ಕಾರದ ಪಾಲಾಯಿತು, ಲೆಬ್ಲಾಂಕ್ 1806ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ವಿಧಾನ ಮಾತ್ರ ಉಳಿದು ಇಂಗ್ಲೆಂಡಿನಲ್ಲಿ ಬೆಳೆಯಿತು. ಅದರ ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆಯೂ ಬೆಳೆಯಿತು. ಆ ಹೊಗೆ ಬಿದ್ದ ಕಡೆ ಮರ ಒಣಗಿದವು, ಪೈರು ಸುಟ್ಟವು, ಕೊಳೆತ ಮೊಟ್ಟೆಯ ವಾಸನೆಯ ಕಸದ ಗುಡ್ಡಗಳು ಊರ ಪಕ್ಕ ಎದ್ದವು. ರೈತರು ಕೋರ್ಟಿಗೆ ಹೋದರು. 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಹೊಗೆಯನ್ನು ತಡೆಯಲೆಂದೇ ಕ್ಷಾರ ಕಾಯ್ದೆ ಮಾಡಬೇಕಾಯಿತು.

ಅದೇ 1863ರ ಕೊನೆಯ ವಾರದಲ್ಲಿ ಬೆಲ್ಜಿಯಂ ದೇಶದಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಸಣ್ಣ ಕಂಪನಿ ತೆರೆದರು. ಅಣ್ಣ ಅರ್ನೆಸ್ಟ್ ಸಾಲ್ವೆಗೆ ಆಗ ಇಪ್ಪತ್ತೈದು ವರ್ಷ.

ಸಾಲ್ವೆ ಹುಟ್ಟಿದ್ದು 1838ರ ಏಪ್ರಿಲ್ 16ರಂದು, ಬ್ರಸೆಲ್ಸ್ ನಗರದಿಂದ ಸ್ವಲ್ಪ ದೂರದ ರೆಬೆಕ್ ಎಂಬ ಊರಿನಲ್ಲಿ. ತಂದೆಗೆ ಉಪ್ಪು ಶುದ್ಧ ಮಾಡಿ ಮಾರುವ ವ್ಯಾಪಾರ. ಹಾಗಾಗಿ ಹುಡುಗ ಉಪ್ಪುನೀರಿನ ಬಾಣಲೆಗಳ ನಡುವೆಯೇ ಬೆಳೆದ. ಓದಿನಲ್ಲಿ ಚುರುಕು, ಭೌತಶಾಸ್ತ್ರ ರಸಾಯನಶಾಸ್ತ್ರ ಎಂದರೆ ಪ್ರಾಣ. ವಿಶ್ವವಿದ್ಯಾಲಯ ಸೇರಿ ಎಂಜಿನಿಯರ್ ಆಗಬೇಕೆಂಬ ಆಸೆಯಿತ್ತು. ಹದಿಹರೆಯದಲ್ಲಿ ಶ್ವಾಸಕೋಶದ ಪೊರೆಗೆ ಉರಿಯೂತ ಹಿಡಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಿತು. ಕಾಲೇಜಿನ ಆಸೆ ಅಲ್ಲಿಗೆ ಮುಗಿಯಿತು. ಮಲಗಿದಲ್ಲೇ ಕೈಗೆ ಸಿಕ್ಕ ವಿಜ್ಞಾನದ ಪುಸ್ತಕ ಓದಿದ್ದೇ ಅವರ ಪದವಿ.

ಚೇತರಿಸಿಕೊಂಡ ಮೇಲೆ ಸ್ವಲ್ಪ ಕಾಲ ತಂದೆಯ ವ್ಯಾಪಾರದಲ್ಲಿ ಕೈಜೋಡಿಸಿದರು. ಇಪ್ಪತ್ತೊಂದರ ಸುಮಾರಿಗೆ ಬ್ರಸೆಲ್ಸ್‌ನಲ್ಲಿ ಅನಿಲ ಕಾರ್ಖಾನೆ ನಡೆಸುತ್ತಿದ್ದ ಹತ್ತಿರದ ಬಂಧು ಫ್ಲೋರಿಮಂ ಸೆಮೆ ಕರೆಸಿಕೊಂಡು ಕೆಲಸ ಕೊಟ್ಟರು. ಕರೆಂಟು ಇಲ್ಲದ ಕಾಲ. ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಬಂದ ಅನಿಲದಿಂದ ಬೀದಿದೀಪ ಉರಿಸುತ್ತಿದ್ದರು. ಆ ಅನಿಲವನ್ನು ನೀರಿನಲ್ಲಿ ತೊಳೆದಾಗ ಉಳಿಯುವ ಗಬ್ಬು ನೀರಿನಲ್ಲಿ ಅಮೋನಿಯಾ ಇರುತ್ತಿತ್ತು. ಅದನ್ನು ಗಟ್ಟಿ ಮಾಡಿ ಮಾರಾಟಕ್ಕೆ ತಯಾರು ಮಾಡುವುದು ಹೇಗೆ ಎಂದು ನೋಡುವುದು ಸಾಲ್ವೆಯ ಪಾಲಿಗೆ ಬಂದ ಕೆಲಸ. ತಂದೆಯ ಮನೆಯ ಉಪ್ಪು, ಬಂಧುವಿನ ಮನೆಯ ಅಮೋನಿಯಾ. ಎರಡನ್ನೂ ಒಂದು ಪಾತ್ರೆಗೆ ಹಾಕಿ, ಇಂಗಾಲದ ಡೈಆಕ್ಸೈಡ್ ಬಿಟ್ಟು ನೋಡಿದಾಗ ತಳದಲ್ಲಿ ಬಿಳಿ ಹರಳು ಕೂತಿತು. ಅದೇ ಅಡುಗೆ ಸೋಡಾ. ಕಾಯಿಸಿದರೆ ಬಟ್ಟೆ ಸೋಡಾ. ಗಂಧಕಾಮ್ಲವಿಲ್ಲ, ಸುಡುವ ಕುಲುಮೆಯಿಲ್ಲ, ಪೈರು ಸುಡುವ ಹೊಗೆಯಿಲ್ಲ. 1861ರ ಏಪ್ರಿಲ್‌ನಲ್ಲಿ ಹಕ್ಕುಪತ್ರ ಪಡೆದರು. ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ್ದು ತನಗೆ ಹೊಳೆದಿದೆ ಎಂದೇ ಆ ಯುವಕ ನಂಬಿದ್ದರು.

ನಂಬಿಕೆ ಬಹಳ ದಿನ ಉಳಿಯಲಿಲ್ಲ. ಬೆಳಕಿನ ಅಲೆಗಳ ಅಧ್ಯಯನಕ್ಕೆ ಹೆಸರಾದ ಫ್ರೆನೆಲ್ ಇದೇ ಕ್ರಿಯೆಯನ್ನು 1811ರಲ್ಲೇ ಗಮನಿಸಿದ್ದ. ಸಾಲ್ವೆ ಹುಟ್ಟಿದ 1838ರಲ್ಲೇ ಇಂಗ್ಲೆಂಡಿನಲ್ಲಿ ಡೈಯರ್ ಮತ್ತು ಹೆಮಿಂಗ್ ಎಂಬ ಇಬ್ಬರು ಹಕ್ಕುಪತ್ರ ಪಡೆದಿದ್ದರು. ಪ್ಯಾರಿಸ್ ಹತ್ತಿರ ಷ್ಲೋಸಿಂಗ್ ಮತ್ತು ರೊಲಾಂ ಎಂಬವರು ಕಾರ್ಖಾನೆಯನ್ನೇ ಹಾಕಿ, ಕೆಲವು ವರ್ಷ ನಡೆಸಿ, ನಷ್ಟದಲ್ಲಿ ಬಾಗಿಲು ಮುಚ್ಚಿದ್ದರು. ಮೊದಲೇ ಪುಸ್ತಕ ತಿರುವಿ ನೋಡಿದ್ದರೆ ಸಾಲ್ವೆ ಈ ಕೆಲಸಕ್ಕೆ ಕೈಹಾಕುತ್ತಲೇ ಇರಲಿಲ್ಲವೇನೋ ಎಂದು ನನಗೆ ಅನಿಸುತ್ತದೆ. ಗೊತ್ತಿಲ್ಲದೆ ನೀರಿಗೆ ಇಳಿದವರು ಕೆಲವೊಮ್ಮೆ ಈಜಿ ದಡ ಸೇರುತ್ತಾರೆ.

ಹಾಗಾದರೆ ಮಿಕ್ಕವರು ಸೋತದ್ದೆಲ್ಲಿ? ಲೆಕ್ಕ ಹಾಕಿ ನೋಡಿದರೆ ವ್ಯವಹಾರ ಬಹಳ ಅಗ್ಗ. 117 ಕೆಜಿ ಉಪ್ಪು, 100 ಕೆಜಿ ಸುಣ್ಣಕಲ್ಲು ಹಾಕಿದರೆ 106 ಕೆಜಿ ಸೋಡಾ, 111 ಕೆಜಿ ಕ್ಯಾಲ್ಸಿಯಂ ಕ್ಲೋರೈಡ್ ಬರಬೇಕು. ಆದರೆ ಉಪ್ಪನ್ನೂ ಸುಣ್ಣಕಲ್ಲನ್ನೂ ಸುಮ್ಮನೆ ಬೆರೆಸಿಟ್ಟರೆ ವರ್ಷ ಕಳೆದರೂ ಏನೂ ಆಗುವುದಿಲ್ಲ. ನಡುವೆ ಅಮೋನಿಯಾ ನಿಂತು ಕೊಡುಕೊಳ್ಳುವಿಕೆ ಮಾಡಿಸಬೇಕು. ಅದು ಮಂಡಿಯ ದಲ್ಲಾಳಿಯ ಹಾಗೆ. ಸರಕು ಈ ಕೈಯಿಂದ ಆ ಕೈಗೆ ದಾಟಿಸಿ, ಕೊನೆಯಲ್ಲಿ ತಾನು ಬಂದ ಹಾಗೆಯೇ ಹೊರಗೆ ಬರುತ್ತದೆ. ಹೊರಗೆ ಬಂದ ಅಮೋನಿಯಂ ಕ್ಲೋರೈಡಿಗೆ ಸುಟ್ಟ ಸುಣ್ಣ ಹಾಕಿ ಕಾಯಿಸಿದರೆ ಅಮೋನಿಯಾ ಮತ್ತೆ ಸಿಗುತ್ತದೆ, ಮತ್ತೆ ಕೆಲಸಕ್ಕೆ ಹಚ್ಚಬಹುದು. ತೊಂದರೆ ಇದ್ದದ್ದು ಇಲ್ಲಿ: ಆಗಿನ ಕಾಲಕ್ಕೆ ಅಮೋನಿಯಾದ ಬೆಲೆ ಸೋಡಾಕ್ಕಿಂತ ಹೆಚ್ಚು. ಅದು ಆವಿಯಾಗಿ ಸೋರುವ ವಸ್ತು. ಮಿಕ್ಕವರು ತೊಟ್ಟಿ ತುಂಬಿಸಿ, ಅನಿಲ ಬಿಟ್ಟು, ಹರಳು ಕೂರಿಸಿ, ತೊಟ್ಟಿ ಬಿಚ್ಚಿ ಬಳಿದು, ಮತ್ತೆ ತುಂಬಿಸುತ್ತಿದ್ದರು. ತೊಟ್ಟಿ ಬಿಚ್ಚಿದಾಗೆಲ್ಲ ಒಂದಿಷ್ಟು ಅಮೋನಿಯಾ ಗಾಳಿಪಾಲು. ಅದರ ಜೊತೆಯೇ ಲಾಭವೂ ಹೋಗುತ್ತಿತ್ತು.

ಇನ್ನೊಂದು ತೊಂದರೆ, ಅನಿಲ ಮತ್ತು ನೀರನ್ನು ಜೊತೆಗೂಡಿಸುವುದು. ಇದನ್ನು ತಿಳಿಯಲು ಗೋಲಿ ಸೋಡಾ ಸಾಕು. ಬಾಟಲಿಯೊಳಗೆ ಅನಿಲವನ್ನು ಒತ್ತಡದಲ್ಲಿ ತುಂಬಿ, ಬಾಟಲಿಯನ್ನು ಗಿರಗಿರ ತಿರುಗಿಸಿದರೆ ಅನಿಲ ನೀರಿಗೆ ಇಳಿಯುತ್ತದೆ. ಗೋಲಿ ಒತ್ತಿದ ಕೂಡಲೇ ಒತ್ತಡ ಇಳಿದು ಅನಿಲ ಬುಸ್ ಎಂದು ಹೊರಬರುತ್ತದೆ. ಬಿಸಿಲಲ್ಲಿಟ್ಟ ಸೋಡಾ ಸಪ್ಪೆಯಾಗುತ್ತದೆ. ಅಂದರೆ ಮೂರು ಸಂಗತಿ: ಒತ್ತಡ ಬೇಕು, ಅನಿಲವೂ ನೀರೂ ಒಂದಕ್ಕೊಂದು ಹೊಸೆದುಕೊಳ್ಳಬೇಕು, ತಂಪಾಗಿರಬೇಕು. ಬಾಟಲಿಯಲ್ಲಿ ಇದು ಸುಲಭ. ದಿನಕ್ಕೆ ಗಾಡಿಗಟ್ಟಲೆ ಮಾಲು ತೆಗೆಯುವಾಗ, ನಿಲ್ಲಿಸದೆ, ಸೋರಿಸದೆ, ಹಗಲೂ ರಾತ್ರಿ ಇದನ್ನು ಮಾಡುವುದು ಹೇಗೆ?

ಸಾಲ್ವೆ ಕೊಟ್ಟ ಉತ್ತರ ಒಂದು ಗೋಪುರ. ಕಬ್ಬಿಣದ ಉರುಳೆಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ಅದು ಬೆಳೆದು ಸುಮಾರು 80 ಅಡಿಗೆ ಮುಟ್ಟಿತು. ಕನ್ನಂಬಾಡಿ ಕಟ್ಟೆಯ 124.80 ಅಡಿ ನಮಗೆಲ್ಲ ಬಾಯಿಪಾಠವಾದ್ದರಿಂದ ಆ ಎತ್ತರ ಊಹಿಸುವುದು ಕಷ್ಟವಲ್ಲ. ಅಮೋನಿಯಾ ಕುಡಿದ ಉಪ್ಪುನೀರು ಮೇಲಿನಿಂದ ಇಳಿಯುತ್ತದೆ. ಸುಣ್ಣದ ಗೂಡಿನಿಂದ ಬಂದ ಇಂಗಾಲದ ಡೈಆಕ್ಸೈಡನ್ನು ಪಂಪು ಕೆಳಗಿನಿಂದ ಒತ್ತುತ್ತದೆ. ಸುಮಾರು 10 ಮೀಟರ್ ಎತ್ತರದ ನೀರು ಒಂದು ವಾಯುಮಂಡಲದಷ್ಟು ಒತ್ತಡ ಹೇರುತ್ತದೆ. 80 ಅಡಿ ಉಪ್ಪುನೀರಿನ ಬುಡದಲ್ಲಿ ಅನಿಲ ನುಗ್ಗಬೇಕಾದರೆ ಅದರ ಎರಡರಷ್ಟಕ್ಕೂ ಹೆಚ್ಚು ಒತ್ತಡ ಬೇಕು. ಹೀಗೆ ಗೋಪುರದ ಎತ್ತರವೇ ಗೋಲಿ ಸೋಡಾ ಬಾಟಲಿಯ ಕೆಲಸ ಮಾಡುತ್ತದೆ. ಒಳಗೆ ಅಂತಸ್ತು ಅಂತಸ್ತಾಗಿ ತಟ್ಟೆಗಳಿವೆ. ಪ್ರತಿ ತಟ್ಟೆಯ ನಡುವೆ ತೂತು, ತೂತಿನ ಮೇಲೆ ಅಣಬೆಯ ಕೊಡೆಯಂಥ ಮುಚ್ಚಳ. ಮೇಲೇರುವ ಅನಿಲ ಪ್ರತಿ ಅಂತಸ್ತಿನಲ್ಲೂ ಗುಳ್ಳೆ ಗುಳ್ಳೆಯಾಗಿ ಒಡೆದು ನೀರನ್ನು ಹೊಸೆಯುತ್ತದೆ.

ಇದರಲ್ಲಿ ನನಗೆ ಅತಿ ಚೆಂದ ಕಾಣುವುದು ಇಬ್ಬರೂ ಎದುರುಬದುರಾಗಿ ನಡೆಯುವ ರೀತಿ. ಬುಡದಲ್ಲಿ ಸತ್ವವುಳ್ಳ ಹೊಸ ಅನಿಲಕ್ಕೆ ಸಿಗುವುದು ಆಗಲೇ ಮುಕ್ಕಾಲು ಕೆಲಸ ಮುಗಿಸಿ ಬಂದ ನೀರು. ತುದಿಯಲ್ಲಿ ಸತ್ವ ಕಳೆದುಕೊಂಡ ಅನಿಲಕ್ಕೆ ಸಿಗುವುದು ಈಗ ತಾನೇ ಬಂದ ಹಸಿದ ನೀರು. ಎಲ್ಲಿಯೂ ಯಾರ ಸತ್ವವೂ ಪೋಲಾಗುವುದಿಲ್ಲ. ಅಲ್ಲಿಂದಲೂ ತಪ್ಪಿಸಿಕೊಂಡ ಅಮೋನಿಯಾವನ್ನು ಹೊರಗೆ ಬಿಡುವ ಮುಂಚೆ ಹೊಸ ಉಪ್ಪುನೀರಿನಲ್ಲಿ ತೊಳೆದು ಹಿಡಿಯುತ್ತಾರೆ. ಬುಡದಲ್ಲಿ ಹಾಲಿನಂತೆ ಬೆಳ್ಳಗಿನ ಹರಳು ತುಂಬಿದ ನೀರು ಸದಾ ಹೊರಬರುತ್ತಿರುತ್ತದೆ. ಸೋಸಿ, ಹುರಿದರೆ ಸೋಡಾ. ಹುರಿಯುವಾಗ ಬಿಡುವ ಅನಿಲ ಮತ್ತೆ ಗೋಪುರಕ್ಕೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ನಮಗೂ ಇದೇ ಪಾಠ. ದಿನದ ಕೊನೆಗೆ ಒಟ್ಟಿಗೆ ಲೆಕ್ಕ ಚುಕ್ತಾ ಮಾಡುವ ತಂತ್ರಾಂಶ ಬೇರೆ, ಬಂದದ್ದನ್ನು ಬಂದ ಹಾಗೆ ಸಾಗಿಸುವ ತಂತ್ರಾಂಶ ಬೇರೆ. ಎರಡನೆಯದನ್ನು ನಿಲ್ಲಿಸದೆ ಓಡಿಸುವುದು ಎಷ್ಟು ಕಷ್ಟ ಎಂದು ರಾತ್ರಿ ಎರಡು ಗಂಟೆಗೆ ಫೋನು ಹೊಡೆದುಕೊಂಡಾಗಲೆಲ್ಲ ಗೊತ್ತಾಗುತ್ತದೆ.

ಒಂದು ಗೋಪುರದಿಂದ ಕಥೆ ಮುಗಿಯಲಿಲ್ಲ. ಕ್ರಿಯೆ ನಡೆಯುವಾಗ ಬಿಸಿ ಹುಟ್ಟುತ್ತದೆ. ಆದ್ದರಿಂದ ಕೆಳಭಾಗಕ್ಕೆ ತಣ್ಣೀರಿನ ಕೊಳವೆಗಳು ಬೇಕು. ತಣ್ಣಗಿರುವ ಕೊಳವೆಯ ಮೇಲೆಯೇ ಹರಳು ಗಟ್ಟಿಯಾಗಿ ಕೂರುತ್ತದೆ. ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಕಲ್ಲಿನ ಹಾಗೆ. ಕೆಲವೇ ದಿನಗಳಲ್ಲಿ ಗೋಪುರದ ಗಂಟಲು ಕಟ್ಟುತ್ತದೆ. ಹಾಗೆಂದು ನಿಲ್ಲಿಸಿ ಬಿಚ್ಚಿದರೆ ಹಳೆಯ ಕಥೆಯೇ. ಈ ಉದ್ಯಮ ಕಂಡುಕೊಂಡ ಉಪಾಯ ಸೊಗಸಾಗಿದೆ: ಗೋಪುರಗಳನ್ನು ಸಾಲಾಗಿ ಕಟ್ಟಿ ಗುಂಪು ಮಾಡುವುದು. ಸಾಮಾನ್ಯವಾಗಿ ಐದರ ಗುಂಪು. ನಾಲ್ಕು ಮಾಲು ತೆಗೆಯುತ್ತಿರುತ್ತವೆ, ಐದನೆಯದು ತೊಳೆಸಿಕೊಳ್ಳುತ್ತಿರುತ್ತದೆ. ಅದನ್ನು ತೊಳೆಯುವುದು ಬೇರೇನೂ ಅಲ್ಲ, ಆ ನಾಲ್ಕಕ್ಕೆ ಹೋಗಬೇಕಾದ ಹೊಸ ಉಪ್ಪುನೀರೇ. ಕಟ್ಟಿಕೊಂಡ ಗೋಪುರದೊಳಗೆ ಆ ನೀರು ಮೊದಲು ಹಾದು, ತೆಳು ಅನಿಲದ ಜೊತೆ ಹರಳನ್ನು ಕರಗಿಸಿಕೊಂಡು, ಅಷ್ಟಿಷ್ಟು ಅನಿಲವನ್ನೂ ಕುಡಿದು, ಅರ್ಧ ತಯಾರಾಗಿ ಮುಂದಿನ ನಾಲ್ಕು ಗೋಪುರಗಳಿಗೆ ಹಂಚಿಕೆಯಾಗುತ್ತದೆ. ಕೆಲವು ದಿನಕ್ಕೊಮ್ಮೆ ಸರದಿ ಬದಲು. ನಮ್ಮ ನಾಲೆಗಳ ಸರದಿ ನೀರಿನ ಪದ್ಧತಿ ಕಂಡವರಿಗೆ ಇದು ಹೊಸದೆನಿಸಲಾರದು.

ಇಷ್ಟೆಲ್ಲ ಈಗ ಕುಳಿತು ಹೇಳುವುದು ಸುಲಭ. 1863ರ ಡಿಸೆಂಬರ್‌ನಲ್ಲಿ ಕಂಪನಿ ಹುಟ್ಟಿದಾಗ ಇದ್ದ ಬಂಡವಾಳ 1,36,000 ಫ್ರಾಂಕು. ಮನೆಯವರ ಉಳಿತಾಯ, ಪರಿಚಯದವರ ಹಣ. ಯೂದೋರ್ ಪಿರ್ಮೆ ಎಂಬ ವಕೀಲ ಮೊದಲು ನಿಂತರು. ಅದೇ ಕ್ರಿಯೆಗೆ ಹಿಂದೆ ಎಷ್ಟೋ ಹಕ್ಕುಪತ್ರಗಳಿದ್ದರೂ ಸಾಲ್ವೆಯ ಗೋಪುರದಂಥದ್ದು ಯಾರದೂ ಇಲ್ಲ ಎಂಬುದೇ ಅವರೆಲ್ಲರ ಧೈರ್ಯ. ಷಾರ್ಲರ್ವಾ ಪಟ್ಟಣದ ಪಕ್ಕದ ಕುಯೆ ಎಂಬಲ್ಲಿ ಕಾರ್ಖಾನೆ ಕಟ್ಟಿದರು. ತಮ್ಮ ಆಲ್ಫ್ರೆಡ್ ತನ್ನ ವ್ಯಾಪಾರದ ಕೆಲಸ ಬಿಟ್ಟು ಅಣ್ಣನ ಜೊತೆ ನಿಂತ. ಅಣ್ಣನದು ಯಂತ್ರ, ತಮ್ಮನದು ಲೆಕ್ಕ, ಆಡಳಿತ. ಆಲ್ಫ್ರೆಡ್ ಇಲ್ಲದಿದ್ದರೆ ಈ ಲೇಖನ ಬರೆಯಲು ವಸ್ತುವೇ ಇರುತ್ತಿರಲಿಲ್ಲ. ಚರಿತ್ರೆ ಅಣ್ಣನ ಹೆಸರನ್ನಷ್ಟೇ ಉಳಿಸಿಕೊಂಡಿತು.

1865ರಲ್ಲಿ ಕಾರ್ಖಾನೆ ಶುರುವಾಯಿತು. ಪ್ರಯೋಗದ ಪಾತ್ರೆಯಲ್ಲಿ ನಡೆದದ್ದು ಗೋಪುರದಲ್ಲಿ ನಡೆಯಲಿಲ್ಲ. ಕೊಳವೆಗಳು ಕಟ್ಟಿಕೊಂಡವು, ಸಲಕರಣೆಗಳು ಕೆಟ್ಟವು, ಅಮೋನಿಯಾ ಸೋರಿತು. ದಿನಕ್ಕೆ ಬರುತ್ತಿದ್ದ ಸೋಡಾ ಖರ್ಚಿಗೆ ಸಾಲುತ್ತಿರಲಿಲ್ಲ. ಬಂಡವಾಳ ಕರಗಿಹೋಯಿತು. ಬಾಗಿಲು ಮುಚ್ಚುವ ಮಾತು ಎದ್ದಾಗ ಮನೆಯವರು ಮತ್ತೆ ಹಣ ಹೊಂದಿಸಿದರು. ಒಂದೊಂದು ಅಡಚಣೆಯನ್ನೂ ಒಂದೊಂದು ಕೊಳವೆಯ ಬದಲಾವಣೆಯಿಂದ ಬಿಡಿಸುತ್ತ ಹೋಗಿ, ಒಂದೆರಡು ವರ್ಷಗಳಲ್ಲಿ ದಿನಕ್ಕೆ ಒಂದೂವರೆ ಟನ್ ಸೋಡಾ ಬರತೊಡಗಿತು. ಒಂದೂವರೆ ಟನ್ ಎಂದರೆ ನಮ್ಮ ಲೆಕ್ಕದಲ್ಲಿ ಎತ್ತಿನ ಗಾಡಿಯ ಒಂದು ಕಬ್ಬಿನ ಹೇರು. ಅಷ್ಟಕ್ಕೆ ಆ ಮನೆಯ ಆಸ್ತಿಯೆಲ್ಲ ಪಣಕ್ಕೆ ಬಿದ್ದಿತ್ತು. ನಮ್ಮ ಊರುಗಳಲ್ಲಿ ಆಲೆಮನೆ ಹಾಕಿ ಕೈಸುಟ್ಟುಕೊಂಡವರ ಮನೆಗಳನ್ನು ನೋಡಿರುವ ನನಗೆ, ಆ ಎರಡನೇ ಸಲ ಹಣ ಕೊಟ್ಟ ಬಂಧುಗಳ ರಾತ್ರಿಗಳು ಹೇಗಿದ್ದವೋ ಎಂಬ ಯೋಚನೆ ಬರುತ್ತದೆ.

ಆಮೇಲಿನದು ಏರುಹಾದಿ. 1872ರಲ್ಲಿ ಲುಡ್ವಿಗ್ ಮಾಂಡ್ ಎಂಬ ರಸಾಯನತಜ್ಞ ಬಂದು ಇಂಗ್ಲೆಂಡಿಗೆ ಪರವಾನಗಿ ಪಡೆದ. ಮರುವರ್ಷ ಬ್ರನರ್ ಜೊತೆ ಸೇರಿ ಚೆಷೈರಿನ ಉಪ್ಪಿನ ಸೀಮೆಯಲ್ಲಿ ಕಾರ್ಖಾನೆ ಹಾಕಿದ. ಫ್ರಾನ್ಸಿನ ದೊಂಬಾಲ್‌ನಲ್ಲಿ ಸಾಲ್ವೆಯವರದೇ ದೊಡ್ಡ ಕಾರ್ಖಾನೆ ಬಂತು. 1880ರ ದಶಕದಲ್ಲಿ ಅಮೆರಿಕದ ಸಿರಕ್ಯೂಸ್ ಹತ್ತಿರವೂ ಎದ್ದಿತು. ಜರ್ಮನಿ, ರಷ್ಯ, ಆಸ್ಟ್ರಿಯಗಳಲ್ಲೂ ಗೋಪುರಗಳು ಎದ್ದವು. ಸೋಡಾದ ಬೆಲೆ ಇಳಿಯಿತು. 1900ರ ಹೊತ್ತಿಗೆ ಲೋಕದ ಬಹುಪಾಲು ಸೋಡಾ ಸಾಲ್ವೆಯ ಗೋಪುರಗಳದ್ದೇ. ಲೆಬ್ಲಾಂಕ್ ಕುಲುಮೆಗಳು ಒಂದೊಂದಾಗಿ ಆರಿದವು. ಸಾಬೂನು ಬಡವರ ಮನೆಗೆ ಬಂದದ್ದರ ಹಿಂದೆ ಈ ಗೋಪುರದ ಪಾಲೂ ಇದೆ.

ಹಾಗೆಂದು ಎಲ್ಲವೂ ಹಾಲುಜೇನು ಎನ್ನಲಾರೆ. ಹಾಕಿದ ಉಪ್ಪಿನಲ್ಲಿ ಸುಮಾರು ಕಾಲು ಭಾಗ ಸೋಡಾ ಆಗದೆ ಹಾಗೆಯೇ ಹೊರಗೆ ಹೋಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿಗೆ ಕೊಳ್ಳುವವರು ಕಡಿಮೆ, ಅದೂ ಹೊಳೆಗೋ ಹಳ್ಳಕ್ಕೋ ಸೇರುತ್ತದೆ. ಗಾಳಿ ಕೆಡಿಸುವುದನ್ನು ನಿಲ್ಲಿಸಿದ ವಿಧಾನ ನೀರನ್ನು ಉಪ್ಪು ಮಾಡಿತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಹಕ್ಕುಪತ್ರದ ಅವಧಿ ಮುಗಿದ ಮೇಲೂ ಗೋಪುರದ ಒಳಗುಟ್ಟು ಹೊರಗೆ ಬರಲಿಲ್ಲ. ಪರವಾನಗಿ ಪಡೆದ ಕಂಪನಿಗಳು ತಮ್ಮ ತಮ್ಮಲ್ಲೇ ತಿದ್ದುಪಡಿಗಳನ್ನು ಹಂಚಿಕೊಂಡವು, ಹೊರಗಿನವರಿಗೆ ಬಾಗಿಲು ಹಾಕಿದವು. ಮಾರುಕಟ್ಟೆಯನ್ನೂ ಹಂಚಿಕೊಂಡವು. ಭಾರತಕ್ಕೆ ಬೇಕಾದ ಸೋಡಾ ಇಂಗ್ಲೆಂಡಿನ ಬ್ರನರ್ ಮಾಂಡ್ ಕಂಪನಿಯಿಂದ, ಆಮೇಲೆ ಅದು ವಿಲೀನವಾದ ಐಸಿಐನಿಂದ ಹಡಗಿನಲ್ಲಿ ಬರಬೇಕಿತ್ತು. ನಮ್ಮ ಮಡಿವಾಳರ ಚೌಳು ಮಣ್ಣು ಮೂಲೆ ಸೇರಿದ್ದು ಹೀಗೆ. ಗುಜರಾತಿನ ಮೀಠಾಪುರದಲ್ಲಿ 1939ರಲ್ಲಿ ಟಾಟಾ ಕೆಮಿಕಲ್ಸ್ ಶುರುವಾದಾಗಲೂ ಈ ಗುಟ್ಟನ್ನು ಕೈಯಾರೆ ಬಿಡಿಸಿಕೊಳ್ಳಬೇಕಾಗಿ ಬಂತು.

ಗುಟ್ಟನ್ನು ಬಯಲಿಗಿಟ್ಟವರು ಚೀನಾದ ಹೌ ದೆಬಾಂಗ್. ಅಮೆರಿಕದಲ್ಲಿ ಓದಿ ಊರಿಗೆ ಮರಳಿ, ಯಾರ ಪರವಾನಗಿಯೂ ಇಲ್ಲದೆ ತಪ್ಪಿ ತಿದ್ದಿ ಗೋಪುರ ಓಡಿಸಿ, 1926ರ ಹೊತ್ತಿಗೆ ಅಪ್ಪಟ ಬಿಳಿ ಸೋಡಾ ತೆಗೆದರು. ಅಷ್ಟಕ್ಕೆ ನಿಲ್ಲದೆ 1933ರಲ್ಲಿ ಎಲ್ಲ ಅಳತೆ, ಉಷ್ಣತೆ, ತಟ್ಟೆಯ ಆಕಾರ ಸಮೇತ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಲೋಕಕ್ಕೆ ಕೊಟ್ಟರು. ಮುಂದೆ ಅವರು ಈ ವಿಧಾನವನ್ನೇ ತಿದ್ದಿ, ಅಮೋನಿಯಾ ಮರಳಿ ಪಡೆಯುವ ಬದಲು ಅಮೋನಿಯಂ ಕ್ಲೋರೈಡನ್ನೇ ಗದ್ದೆಗೆ ಗೊಬ್ಬರವಾಗಿ ಕೊಡುವ ಹಾದಿ ಮಾಡಿದರು. ಸಾಲ್ವೆಯ ಜಾಣ್ಮೆಗೆ ನನ್ನ ಮೆಚ್ಚುಗೆಯಿದೆ. ಆದರೆ ಯಾವುದನ್ನೂ ಮುಚ್ಚಿಡದೆ ಹಂಚುವ ತಂತ್ರಾಂಶದಿಂದಲೇ ಅನ್ನ ತಿನ್ನುವ ನನ್ನಂಥವನಿಗೆ ಹೌ ಇನ್ನೂ ಹತ್ತಿರದವರು.

ನಮ್ಮ ಸೀಮೆಯಲ್ಲಿ ಸೋಡಾ ಗೋಪುರ ಇಲ್ಲ. ಆದರೆ ಅನಿಲ ಮತ್ತು ದ್ರವವನ್ನು ಬಿಡದೆ ಕೂಡಿಸುವ ಕೆಲಸ ನಮ್ಮ ಕಣ್ಣೆದುರೇ ನಡೆದಿದೆ. ಪಾಂಡವಪುರದ ಸಕ್ಕರೆ ಕಾರ್ಖಾನೆ ನುರಿಯುವ ದಿನಗಳಲ್ಲಿ ಮೂಗಿಗೆ ಅಡರುವ ಗಂಧಕದ ಘಾಟು ನೆನಪಿರಬಹುದು. ಸುಣ್ಣ ಹಾಕಿದ ಕಬ್ಬಿನ ರಸಕ್ಕೆ ಗಂಧಕದ ಹೊಗೆ ಬಿಟ್ಟರೆ ಕೊಳೆ ಕೆಳಗೆ ಕೂತು ರಸ ತಿಳಿಯಾಗುತ್ತದೆ. ಸಕ್ಕರೆ ಬೆಳ್ಳಗಾಗುವುದು ಅದರಿಂದ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆ, ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ, ಅದನ್ನು ಗಂಧಕಾಮ್ಲಕ್ಕೆ ಕೂಡಿಸಿ ಗೊಬ್ಬರ ತೆಗೆದ ದೇಶದ ಮೊದಲ ಸಾಲಿನ ಕಾರ್ಖಾನೆ. ಒಂದು ಕಾಲಕ್ಕೆ ಗಬ್ಬು ನೀರಿನಿಂದ ಹನಿ ಹನಿಯಾಗಿ ಹಿಂಡಿ ತೆಗೆಯಬೇಕಿದ್ದ ಅಮೋನಿಯಾ ಕಾವೇರಿ ದಂಡೆಯಲ್ಲೇ ತಯಾರಾಗಿದೆ.

ಮತ್ತೆ ಸಾಲ್ವೆಯ ಕಡೆಗೆ. ಲೋಕದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ಮೇಲೂ ಅವರ ಮನಸ್ಸಿನಲ್ಲಿ ಕಾಲೇಜಿಗೆ ಹೋಗಲಾಗದ ಆ ಹುಡುಗ ಉಳಿದೇ ಇದ್ದ. ಕಾರ್ಮಿಕರಿಗೆ ಪಿಂಚಣಿ, ಎಂಟು ಗಂಟೆಯ ದುಡಿಮೆ, ಸಂಬಳ ಸಹಿತ ರಜೆಯನ್ನು ಕಾನೂನು ಹೇಳುವ ಮುಂಚೆಯೇ ಕೊಟ್ಟರು. ಎರಡು ಅವಧಿಗೆ ದೇಶದ ಸೆನೆಟ್ ಸದಸ್ಯರಾಗಿದ್ದರು. ಶರೀರಶಾಸ್ತ್ರಕ್ಕೊಂದು, ಸಮಾಜಶಾಸ್ತ್ರಕ್ಕೊಂದು, ವಾಣಿಜ್ಯಕ್ಕೊಂದು ಸಂಸ್ಥೆಯನ್ನು ಬ್ರಸೆಲ್ಸ್‌ನಲ್ಲಿ ಕಟ್ಟಿಸಿದರು. ಬೆಟ್ಟ ಹತ್ತುವ ಹುಚ್ಚು ಬೇರೆ. ಸ್ವಿಟ್ಜರ್ಲೆಂಡಿನ ಮ್ಯಾಟರ್‌ಹಾರ್ನ್ ಶಿಖರದ ದಾರಿಯಲ್ಲಿ, ಕಡಿದಾದ ಬಂಡೆಯ ಮೇಲೆ ಅವರ ಹೆಸರಿನ ತಂಗುಗುಡಿಸಲು ಇಂದಿಗೂ ಇದೆ. ಜೊತೆಗೆ ಬಿಡುವಿನಲ್ಲಿ ಕೂತು ದ್ರವ್ಯ, ಗುರುತ್ವಗಳ ಬಗ್ಗೆ ತಮ್ಮದೇ ಸಿದ್ಧಾಂತ ಬರೆಯುತ್ತಿದ್ದರು. ಅದನ್ನು ಭೌತವಿಜ್ಞಾನಿಗಳು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

1910ರಲ್ಲಿ ಜರ್ಮನಿಯ ನೆರ್ನ್‌ಸ್ಟ್ ಒಂದು ಸಲಹೆ ತಂದರು. ಭೌತಶಾಸ್ತ್ರದ ಅಡಿಪಾಯವೇ ಅಲುಗಾಡುತ್ತಿದೆ, ದೊಡ್ಡವರನ್ನೆಲ್ಲ ಒಂದೆಡೆ ಸೇರಿಸಬೇಕು ಎಂಬುದು ಅದರ ಸಾರ. ಸಾಲ್ವೆ ಖರ್ಚು ವಹಿಸಿಕೊಂಡರು. 1911ರ ಅಕ್ಟೋಬರ್ ಕೊನೆಯಲ್ಲಿ ಬ್ರಸೆಲ್ಸ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ಲೊರೆಂಟ್ಸ್ ಅಧ್ಯಕ್ಷತೆಯಲ್ಲಿ ಪ್ಲ್ಯಾಂಕ್, ಮೇರಿ ಕ್ಯೂರಿ, ರುದರ್‌ಫರ್ಡ್, ಪ್ವಾಂಕಾರೆ, ಮೂವತ್ತೆರಡು ವರ್ಷದ ಐನ್‌ಸ್ಟೈನ್ ಒಂದೇ ಮೇಜಿನ ಸುತ್ತ ಕೂತರು. ತಮ್ಮ ಸಿದ್ಧಾಂತವನ್ನೂ ಸಾಲ್ವೆ ಅವರ ಮುಂದಿಟ್ಟರು. ಅವರು ಕೇಳಿಸಿಕೊಂಡು ತಮ್ಮ ಚರ್ಚೆಗೆ ಹೋದರು. ಸಾಲ್ವೆ ಬೇಸರಪಟ್ಟುಕೊಂಡಂತೆ ಕಾಣುವುದಿಲ್ಲ. ಮರುವರ್ಷವೇ ಭೌತಶಾಸ್ತ್ರಕ್ಕೆ, ಅದರ ಮುಂದಿನ ವರ್ಷ ರಸಾಯನಶಾಸ್ತ್ರಕ್ಕೆ ಅಂತರರಾಷ್ಟ್ರೀಯ ಸಂಸ್ಥೆಗಳನ್ನು ಹಣವಿಟ್ಟು ಸ್ಥಾಪಿಸಿದರು. 1911ರ ಆ ಸಮ್ಮೇಳನದ ಗುಂಪುಚಿತ್ರ ನೋಡಿದರೆ ಮೇಜಿನ ಬಳಿ ಕೂತ ಸಾಲ್ವೆಯ ತಲೆ ಮಿಕ್ಕವರಿಗಿಂತ ತುಸು ದೊಡ್ಡದಾಗಿ, ಬೇರೆ ಬೆಳಕಿನಲ್ಲಿ ಕಾಣುತ್ತದೆ. ಚಿತ್ರ ತೆಗೆಯುವಾಗ ಅವರು ಅಲ್ಲಿರಲಿಲ್ಲವಂತೆ, ಆಮೇಲೆ ಅಂಟಿಸಿದ್ದಂತೆ. ನಮ್ಮ ಶಾಲೆಯ ಬೀಳ್ಕೊಡುಗೆ ಫೋಟೋದ ದಿನ ಗೈರುಹಾಜರಾದವರನ್ನು ಮೂಲೆಯಲ್ಲಿ ವೃತ್ತ ಮಾಡಿ ಸೇರಿಸುತ್ತಿದ್ದ ಹಾಗೆ.

1914ರಲ್ಲಿ ಜರ್ಮನಿಯ ಸೇನೆ ಬೆಲ್ಜಿಯಂ ಆಕ್ರಮಿಸಿದಾಗ ಅವರಿಗೆ ಎಪ್ಪತ್ತಾರು. ಊಟಕ್ಕಿಲ್ಲದ ದೇಶಕ್ಕೆ ಹೊರಗಿನಿಂದ ಧಾನ್ಯ ತರಿಸಿ ಹಂಚಲು ಹುಟ್ಟಿದ ರಾಷ್ಟ್ರೀಯ ಪರಿಹಾರ ಸಮಿತಿಗೆ ಅಧ್ಯಕ್ಷರಾದರು. ಯುದ್ಧ ಮುಗಿದ ಮೇಲೆ ಸಮ್ಮೇಳನಗಳು ಮತ್ತೆ ನಡೆದವು. ರಸಾಯನಶಾಸ್ತ್ರದ ಮೊದಲ ಸಾಲ್ವೆ ಸಮ್ಮೇಳನ 1922ರ ಏಪ್ರಿಲ್‌ನಲ್ಲಿ ಬ್ರಸೆಲ್ಸ್‌ನಲ್ಲೇ ಸೇರಿತು. ಅದಾದ ಮರುತಿಂಗಳು, ಮೇ 26ರಂದು, ಅದೇ ನಗರದಲ್ಲಿ ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಅರ್ನೆಸ್ಟ್ ಸಾಲ್ವೆ ತೀರಿಕೊಂಡರು. ಐನ್‌ಸ್ಟೈನ್, ಬೋರ್, ಕ್ಯೂರಿ ಎಲ್ಲರೂ ಸಾಲಾಗಿ ಕೂತು ನಿಂತಿರುವ, ಅದೆಷ್ಟೋ ವಿಜ್ಞಾನ ಪ್ರಯೋಗಾಲಯಗಳ ಗೋಡೆಯ ಮೇಲೆ ಕಾಣುವ ಪ್ರಸಿದ್ಧ ಚಿತ್ರ ಅವರ ಹೆಸರಿನ ಸಮ್ಮೇಳನದ್ದೇ. ಆದರೆ ಅದು 1927ರದು. ಅಷ್ಟು ಹೊತ್ತಿಗೆ ಅವರು ಹೋಗಿ ಐದು ವರ್ಷವಾಗಿತ್ತು.